ಅಲ್ಪವಿರಾಮ ಬೇಡದ ಅವ್ವಂದಿರು

ಹೊಸಪೇಟೆಯ ಪಿಯು ಕಾಲೇಜೊಂದರಲ್ಲಿ ನಾನು ಇಂಗ್ಲಿಷ್ ಕಲಿಸುತ್ತೇನೆ. ಕಾಮಾ ವಿಷಯಕ್ಕೆ ಬಂದರೆ ನಾನು ಸಿಡುಕಿ ಎಂಬ ಮಾತು ಸ್ಟಾಫ್‌ರೂಮಿನಿಂದ ಕ್ಯಾಂಟೀನಿನವರೆಗೂ ಹಬ್ಬಿದೆ. ಹಬ್ಬಲಿ. ಎಲೆಗೆ ಉಪ್ಪಿನಕಾಯಿ ಹಾಕಿದ ಹಾಗೆ ಮನಸ್ಸಿಗೆ ಬಂದಲ್ಲಿ ಕಾಮಾ ಹಾಕುವವರನ್ನು ಕಂಡರೆ ನನಗೆ ನಿಜಕ್ಕೂ ಸಿಟ್ಟು ಬರುತ್ತದೆ.

‘ಹು’, ‘ವಿಚ್’ ಎಂದು ಶುರುವಾಗಿ ಹೆಸರಿಗೆ ಅಂಟಿಕೊಳ್ಳುವ ಉಪವಾಕ್ಯವಿದೆಯಲ್ಲ, ಅದರ ಎರಡೂ ಬದಿಗೆ ಕಾಮಾ ಬೇಕೋ ಬೇಡವೋ ಎಂಬುದನ್ನು ನಾನು ಹೆಬ್ಬೆರಳಿನಿಂದ ಕಲಿಸುತ್ತೇನೆ. ಉಪವಾಕ್ಯದ ಮೇಲೆ ಹೆಬ್ಬೆರಳಿಟ್ಟು ಮುಚ್ಚಿ. ಮುಚ್ಚಿದ ಮೇಲೂ ಯಾರು, ಯಾವುದು ಎಂದು ತಿಳಿಯುತ್ತದೆಯೇ? ಹಾಗಾದರೆ ಅದು ಹೆಚ್ಚಿನ ಮಾತು, ಎರಡು ಕಾಮಾಗಳ ನಡುವೆ ಕೂರಲಿ. ‘ಯಾವುದು?’ ಎಂದು ಕೇಳಬೇಕಾಯಿತೇ? ಹಾಗಾದರೆ ಗುರುತಿಗೆ ಅದು ಬೇಕೇ ಬೇಕು, ಕಾಮಾ ಹಾಕಿ ಬೇರೆ ಮಾಡಬಾರದು. ತುಂಗಭದ್ರೆ ಇರುವುದು ಒಂದೇ. ‘ಹಂಪಿಯ ಪಕ್ಕ ಹರಿಯುವ’ ಎಂಬುದನ್ನು ಮುಚ್ಚಿದರೂ ಹೊಳೆ ಯಾವುದೆಂದು ಗೊತ್ತು. ಅಲ್ಲಿ ಕಾಮಾ ಬೇಕು. ಹಂಪಿಯಲ್ಲಿ ಗುಡಿಗಳು ಲೆಕ್ಕವಿಲ್ಲದಷ್ಟಿವೆ. ‘ನಾದದ ಕಂಬಗಳಿರುವ’ ಎಂಬುದನ್ನು ಮುಚ್ಚಿದರೆ ಬಂದ ಪ್ರವಾಸಿ ದಾರಿ ತಪ್ಪುತ್ತಾನೆ. ಅಲ್ಲಿ ಬೇಡ. ‘ಸಂಡೂರಿನಿಂದ ಬರುವ ಲಾರಿಗಳು ಕೆಂಪು’ ಎಂಬುದನ್ನು ಇಂಗ್ಲಿಷಿನಲ್ಲಿ ಬರೆದು ಕಾಮಾ ಹಾಕಿದರೆ ಲಾರಿಗಳೆಲ್ಲ ಸಂಡೂರಿನವೇ, ಎಲ್ಲವೂ ಕೆಂಪು ಎಂದಾಗುತ್ತದೆ. ತೆಗೆದರೆ ಅದಿರಿನ ಧೂಳು ಮೆತ್ತಿದ ಸಂಡೂರಿನವಷ್ಟೇ ಕೆಂಪು, ಕಬ್ಬಿನ ಲಾರಿಗಳು ಬಚಾವ್.

ವ್ಯಾಕರಣದ ಪುಸ್ತಕಗಳಿಗೆ ಇಲ್ಲಿ ತಪ್ಪದೆ ನೆನಪಾಗುವುದು ತಾಯಿ. ‘ಮೈ ಮದರ್’ ಆದ ಕೂಡಲೇ ಕಾಮಾ, ಏಕೆಂದರೆ ತಾಯಿ ಒಬ್ಬಳೇ. ಒಂದು ವರ್ಷ ಮುಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು ನಿಂತಳು.

“ನಮ್ಮನ್ಯಾಗ ಇಬ್ಬರಿಗೂ ಅವ್ವ ಅಂತೀವ್ರಿ ಮೇಡಂ. ನಾ ಕಾಮಾ ಹಾಕ್ಲೋ ಬ್ಯಾಡೋ?”

ಕ್ಲಾಸು ನಕ್ಕಿತು. ನಾನು ನಗಲಿಲ್ಲ. “ಬ್ಯಾಡವ್ವ, ಹಾಕಬ್ಯಾಡ” ಎಂದೆ. ಆ ಉತ್ತರ ನನಗೆ ಪುಸ್ತಕದಿಂದ ಬಂದದ್ದಲ್ಲ.

ನನಗೂ ಇಬ್ಬರು. ಹೆತ್ತವಳು ಎಮ್ಮಿಗನೂರಿನಲ್ಲಿ. ಸಾಕಿದವಳು ಕಂಪ್ಲಿಯಲ್ಲಿ ಅಕ್ಕಿ ಗಿರಣಿ ಇಟ್ಟಿದ್ದ ದೊಡ್ಡಪ್ಪನ ಹೆಂಡತಿ. ಆಕೆಗೆ ಮಕ್ಕಳಾಗಲಿಲ್ಲ. ಎಮ್ಮಿಗನೂರಿನ ಮನೆಯಲ್ಲಿ ನಾನು ಮೂರನೆಯವಳು. ಮೊಲೆ ಬಿಡಿಸಿದ ಮೇಲೆ ನನ್ನನ್ನು ಆಕೆಯ ಉಡಿಗೆ ಹಾಕಿದರು. ಕಾಗದಪತ್ರ ಏನೂ ಇಲ್ಲ, ಅಣ್ಣತಮ್ಮಂದಿರ ಮನೆಯೊಳಗಿನ ಮಾತು. ಇಬ್ಬರಿಗೂ ನಾನು ಅವ್ವ ಎಂದೇ ಕರೆದೆ. ಬೇರೆಯವರೆದುರು ಹೇಳುವಾಗ ಮಾತ್ರ ಎಮ್ಮಿಗನೂರಿನ ಅವ್ವ, ಕಂಪ್ಲಿ ಅವ್ವ. ಊರನ್ನು ಮುಚ್ಚಿದರೆ ಯಾವ ಅವ್ವ ಎಂದು ಕೇಳಲೇಬೇಕಿತ್ತು.

ದೊಡ್ಡಪ್ಪ ತೀರಿಕೊಂಡ ಮೇಲೆ ಗಿರಣಿಯನ್ನು ಕಂಪ್ಲಿ ಅವ್ವನೇ ನಡೆಸಿದಳು. ಹುಬ್ಬಿನ ಮೇಲೆ ಸದಾ ತೌಡಿನ ಧೂಳು. ಹಮಾಲರಿಗೆ ಬೈದ ಬಾಯಿಂದಲೇ ನನಗೂ ಬೈಯುತ್ತಿದ್ದಳು. ನನಗೆ ಪರೀಕ್ಷೆ ಇದ್ದರೆ ಗಿರಣಿ ಬಂದ್ ಮಾಡಿಸಿ, “ಲೇ, ಸಪ್ಪಳ ನಿಲ್ಸೀನಿ, ಈಗರ ಓದು” ಎನ್ನುತ್ತಿದ್ದಳು. ಭತ್ತ ತಂದವರು ಹೊರಗೆ ಕಾಯಬೇಕು. ಹೆತ್ತವರಿಗೆ ಹೆಗ್ಗಣ ಮುದ್ದು ಅಂತಾರೆ. ಆಕೆ ಹೆತ್ತವಳಲ್ಲ, ಆದರೂ ಈ ಹೆಗ್ಗಣ ಆಕೆಗೆ ಮುದ್ದಾಗಿತ್ತು.

ಎಮ್ಮಿಗನೂರಿಗೆ ಹೋದರೆ ನಾನು ನೆಂಟಳು. ಮೊದಲ ತಾಟು ನನಗೆ, ಒಳ್ಳೆ ಹಾಸಿಗೆ ನನಗೆ. ಅಣ್ಣನಿಗೂ ಅಕ್ಕನಿಗೂ ಬೀಳುತ್ತಿದ್ದ ಬೈಗುಳದಲ್ಲಿ ನನಗೆ ಪಾಲಿರಲಿಲ್ಲ. ಒಮ್ಮೆ ಬೇಕೆಂದೇ ಹಾಲಿನ ಪಾತ್ರೆ ಉರುಳಿಸಿದೆ. ಆಕೆ ಸುಮ್ಮನೆ ನೆಲ ಒರೆಸಿ, ಹಾದಿಯಲ್ಲಿ ಪಾತ್ರೆ ಇಟ್ಟದ್ದಕ್ಕೆ ಅಕ್ಕನಿಗೆ ಬೈದಳು. ಯಾರಾದರೂ ಮನೆಗೆ ಬಂದು ನಾನು ಯಾರೆಂದು ಕೇಳಿದರೆ, “ನಮ್ಮಕ್ಕನ ಮಗಳ್ರೀ, ಕಂಪ್ಲಿಯಾಕಿ” ಎನ್ನುತ್ತಿದ್ದಳು. ಓರಗಿತ್ತಿಯನ್ನು ಆಕೆ ಅಕ್ಕ ಎಂದೇ ಕರೆಯುವುದು. ಕೊಟ್ಟು ಕೈ ತೊಳೆದುಕೊಂಡಳು ಎಂದು ನನಗೆ ಆಕೆಯ ಮೇಲೆ ಸಿಟ್ಟಿತ್ತು, ದೊಡ್ಡವಳಾದ ಮೇಲೂ ಇತ್ತು. ನಾಲ್ಕು ಜನರೆದುರು ಒಮ್ಮೆಯಾದರೂ ‘ಇವಳು ನನ್ನ ಮಗಳು’ ಅನ್ನಲಿ, ನನಗೆ ಅಷ್ಟು ಸಾಕಿತ್ತು. ಬಾಯಿ ಬಿಟ್ಟು ಕೇಳಲು ಮಾತ್ರ ಎಂದೂ ಆಗಲಿಲ್ಲ.

ಕಂಪ್ಲಿ ಅವ್ವ ಹೋದ ದಿನ ಬೆಳಿಗ್ಗೆ, ಬಸ್ಸಿನಲ್ಲಿ ಕೂತು ಪ್ರಿನ್ಸಿಪಾಲರಿಗೆ ಇಂಗ್ಲಿಷಿನಲ್ಲಿ ಮೆಸೇಜು ಬರೆದೆ. ನನ್ನನ್ನು ಸಾಕಿದ ತಾಯಿ ತೀರಿಕೊಂಡರು, ರಜೆ ಬೇಕು. ‘ಮದರ್’ ಆದ ಮೇಲೆ ಬೆರಳು ನಿಂತಿತು. ಕಾಮಾ ಹಾಕಿದರೆ ನನಗಿದ್ದವಳು ಒಬ್ಬಳೇ ತಾಯಿ, ಅವಳೇ ಹೋದಳು ಎಂದಾಗುತ್ತದೆ. ಇನ್ನೊಬ್ಬಳು ಅದೇ ಹೊತ್ತಿನಲ್ಲಿ ಎಮ್ಮಿಗನೂರಿನಿಂದ ಅದೇ ಮನೆಗೆ ಹೊರಟಿದ್ದಳು. ಹಾಕಲಿಲ್ಲ. ಪ್ರಿನ್ಸಿಪಾಲರು ಆ ಮೆಸೇಜು ತೋರಿಸಿದಾಗ, ಮೇಡಂ ದುಃಖದಲ್ಲಿ ಕಾಮಾ ಮರೆತಿದ್ದಾರೆ ಎಂದು ಸಹೋದ್ಯೋಗಿಯೊಬ್ಬರು ಆಮೇಲೆ ಅಂದುಕೊಂಡರಂತೆ. ಮರೆತಿರಲಿಲ್ಲ. ಅಷ್ಟು ಹೊತ್ತು ನಾನು ಅತ್ತಿರಲಿಲ್ಲ, ಮೆಸೇಜು ಕಳಿಸಿದ ಮೇಲೆ ಅತ್ತೆ.

ಕಂಪ್ಲಿ ಅವ್ವನನ್ನು ಪಡಸಾಲೆಯಲ್ಲಿ ಗೋಡೆಗೆ ಒರಗಿಸಿ ಕೂರಿಸಿದ್ದರು. ಎಮ್ಮಿಗನೂರಿನ ಅವ್ವ ಆಗಲೇ ಬಂದು ಪಕ್ಕದಲ್ಲಿ ಕೂತಿದ್ದಳು. ನಮ್ಮ ಕಡೆ ತೀರಿಕೊಂಡ ಹೆಂಗಸಿಗೆ ಮೊದಲು ತವರಿನ ಸೀರೆ ಹೊದಿಸುತ್ತಾರೆ, ಆಮೇಲೆ ಮಗಳ ಸೀರೆ. ಹೊಸಪೇಟೆಯಿಂದ ನಾನು ತಂದಿದ್ದ ಸೀರೆ ಕಂಕುಳಲ್ಲಿತ್ತು. ತವರಿನದು ಆಯಿತು. ನಾನು ಒಂದು ಹೆಜ್ಜೆ ಮುಂದಿಟ್ಟೆ.

“ನೀ ತಡಿಯವ್ವ” ಎಂದಳು ಸೋದರತ್ತೆ, ದೊಡ್ಡಪ್ಪನ ತಂಗಿ. “ಹೊಟ್ಟಿಲೆ ಹುಟ್ಟಿದ ಮಗಳು ಈಕಿಗೆ ಇಲ್ಲ. ಮಗಳ ಸೀರಿ ನನ್ನ ಮಗಳು ಹೊದಿಸ್ಲಿ. ನಿನ್ನ ಹೆತ್ತಾಕಿ ಜೀವಂತ ಕುಂತಾಳ. ಆಕಿ ಮುಂದ ನೀ ಇನ್ನೊಬ್ಬಾಕಿಗೆ ಮಗಳಾಗಿ ಹೊದಿಸೋದು ಛಂದಲ್ಲ.”

ಎಲ್ಲರೂ ಎಮ್ಮಿಗನೂರಿನ ಅವ್ವನ ಕಡೆ ನೋಡಿದರು. ನಾನು ಜೀವಮಾನವಿಡೀ ಕಾದ ಮಾತನ್ನು ಆಕೆ ಈಗ ಹೇಳಿದರೆ ಈ ಸೀರೆ ನನ್ನ ಕಂಕುಳಲ್ಲೇ ಉಳಿಯುತ್ತದೆ. ಅನ್ನಬ್ಯಾಡವ್ವ, ಇವತ್ತೊಂದಿನ ನನ್ನ ಮಗಳು ಅನ್ನಬ್ಯಾಡ ಎಂದು ಮನಸ್ಸಿನಲ್ಲೇ ಬೇಡಿಕೊಂಡೆ. ಬೇಡಿಕೊಂಡದ್ದಕ್ಕೆ ಸಂಕಟವೂ ಆಯಿತು.

ಆಕೆ ಗೋಡೆ ಹಿಡಿದು ಎದ್ದಳು. “ಹೆತ್ತಾಕಿ ನಾನೇ ಹೇಳ್ತೀನಿ. ಹೆತ್ತದ್ದು ಖರೆ. ಉಡಿಗೆ ಹಾಕಿದ ಮ್ಯಾಲ ಮುಗೀತು. ಅಕ್ಕನ ಜೀವ ಇರೋತನಕ ಒಂದಿನಾನೂ ಈಕಿನ್ನ ನನ್ನ ಮಗಳು ಅಂದಿಲ್ಲ, ಅಕ್ಕನ ಮನಸಿಗೆ ನೋವಾದೀತು ಅಂತ. ಈಗ ಅಂತೀನೇನ್ರಿ?” ನನ್ನ ಮೊಣಕೈ ಹಿಡಿದು ಮುಂದೆ ಕರೆದುಕೊಂಡು ಹೋದಳು. “ಮಗಳು ಈಕಿನೇ. ಹೊದಿಸವ್ವ.”

ಹೊದಿಸಿದೆ. ಸೆರಗನ್ನು ಸೋದರತ್ತೆಯೇ ಬಾಗಿ ಸರಿಮಾಡಿದಳು.

ಮಣ್ಣು ಮುಗಿದು ಎಲ್ಲರೂ ಮನೆಗೆ ಬಂದ ಮೇಲೆ ನನ್ನನ್ನು ಪಡಸಾಲೆಯಲ್ಲಿ ಕೂರಿಸಿದರು. ಓಣಿಯ ಹೆಂಗಸರು, ಹಮಾಲರ ಮನೆಯವರು ಒಬ್ಬೊಬ್ಬರಾಗಿ ಬಂದು ಮಗಳಿಗೆ ಹೇಳುವ ಸಮಾಧಾನ ಹೇಳಿ ಹೋದರು. ಕೊನೆಗೆ ಎಮ್ಮಿಗನೂರಿನ ಅವ್ವ ಬಂದಳು. ಹೊರಗಿನವಳಂತೆ ಎದುರಿಗೆ ಕೂತು, ನನ್ನ ಎರಡೂ ಕೈ ಹಿಡಿದಳು.

“ಅಳಬ್ಯಾಡ್ರವ್ವ” ಎಂದಳು, ನನಗೆ, ಬಹುವಚನದಲ್ಲಿ. “ನಿಮ್ಮವ್ವ ಭಾಳ ಛಲೋ ಹೆಣ್ಮಗಳು ಇದ್ಳು.”