ಹುಲಿಗೆಮ್ಮನ ಸ್ಪ್ಲಿಂಟ್ ಮೇಲೆ ದಾನಿಯ ಹೆಸರು

ಕೋವಿಡ್ ಮುಗಿದ ಮರುವರ್ಷ. ಆಗ ನಾನು ರಾಯಚೂರಿನ ಪುನರ್ವಸತಿ ಕೇಂದ್ರವೊಂದರಲ್ಲಿ ಆರ್ಥೋಟಿಸ್ಟ್ ಆಗಿದ್ದೆ. ಬಲವಿಲ್ಲದ ಕೈಕಾಲುಗಳಿಗೆ ಆಸರೆಯಾಗುವ ಪ್ಲಾಸ್ಟಿಕ್ ಸ್ಪ್ಲಿಂಟ್‌ಗಳನ್ನು ಅಳತೆ ತೆಗೆದು ಮಾಡಿಕೊಡುವುದು ನನ್ನ ಕೆಲಸ. ದೇವದುರ್ಗದಲ್ಲಿ ದಾನಿಗಳ ಬಳಗವೊಂದು ನಡೆಸಿದ ಶಿಬಿರಕ್ಕೆ ಸ್ಪ್ಲಿಂಟ್ ಮಾಡಿದವರು ನಾವು, ಹಂಚಿದವರು ಅವರು.

ಕೆಲವು ವಾರಗಳ ನಂತರ ದೇವದುರ್ಗದ ಯಂಕಮ್ಮ, ಏಳನೇ ತರಗತಿಯ ಮಗಳು ಹುಲಿಗೆಮ್ಮನನ್ನು ಕರೆತಂದಳು. ಹುಡುಗಿ ಬರಿಗಾಲಲ್ಲಿ ಪಾದ ಎಳೆಯುತ್ತಿದ್ದಳು. ಅವಳ ಸ್ಪ್ಲಿಂಟ್ ತಾಯಿಯ ಕೈಯಲ್ಲಿತ್ತು. ಅದರ ಎರಡೂ ಬದಿಗೆ ಪರ್ಮನೆಂಟ್ ಮಾರ್ಕರಿನಲ್ಲಿ, ಬೀದಿಯ ಆಚೆಯಿಂದಲೂ ಓದಬಹುದಾದಷ್ಟು ದಪ್ಪಗೆ, ದಾನಿಯ ಹೆಸರು!

“ಸಾಲ್ಯಾಗ ಹುಡುಗ್ರು ‘ದಾನದ ಕಾಲು ಬಂತು’ ಅಂತಾರ್ರೀ. ಹಾಕ್ಕೊಳ್ಳಂಗಿಲ್ಲ ಅಂತ ಕುಂತಾಳ,” ಎಂದಳು ಯಂಕಮ್ಮ. “ಇವರಪ್ಪ ಪೆಟ್ರೋಲ್ ಹಚ್ಚಿ ತಿಕ್ಕಿದ. ಹೆಸರು ಹೋಗ್ಲಿಲ್ಲ, ಒಳಗಿನ ಮೆತ್ತನ್ನದು ಕಿತ್ತು ಬಂತು. ಆಮ್ಯಾಲ ಹಾಕಿದ್ರ ಕಾಲಿಗೂ ಬೊಬ್ಬಿ ಎದ್ದಾವ ನೋಡ್ರಿ.”

ಮೈ ಉರಿದುಹೋಯಿತು. ಸಿಟ್ಟು ಆ ತಂದೆಯ ಮೇಲಲ್ಲ. ಮಗಳ ಅವಮಾನ ಅಳಿಸಲು ಅವನಿಗೆ ಸಿಕ್ಕಿದ್ದು ಪೆಟ್ರೋಲ್. ಇಡೀ ದಿನ ಚರ್ಮಕ್ಕೆ ತಾಗಿರುವ ವಸ್ತುವಿನ ಮೇಲೆ ಪೆಟ್ರೋಲ್, ಥಿನ್ನರ್ ಬಳಸಬಾರದು. ಒಳಗಿನ ಫೋಮಿನ ಅಂಟು ಬಿಡುತ್ತದೆ, ಫೋಮ್ ಹೀರಿಕೊಂಡದ್ದು ಚರ್ಮವನ್ನು ಸುಡುತ್ತದೆ. ಇದನ್ನು ಅವನಿಗೆ ಹೇಳಿದವರು ಯಾರು?

ಕಿಟಕಿ ತೆರೆದು, ಕೈಗವಸು ಹಾಕಿಕೊಂಡು, ಹತ್ತಿಗೆ ಸರ್ಜಿಕಲ್ ಸ್ಪಿರಿಟ್ ತಗಲಿಸಿ ಮೊದಲು ಕಾಣದ ಅಂಚಿನಲ್ಲಿ ಒರೆಸಿ ನೋಡಿದೆ. ಪ್ಲಾಸ್ಟಿಕ್ ಮಂಕಾಗಲಿಲ್ಲ. ಗಾಜಿನಂತೆ ಕಾಣುವ ಅಕ್ರಿಲಿಕ್ ಆಗಿದ್ದರೆ ಸ್ಪಿರಿಟ್‌ಗೇ ಸಣ್ಣ ಬಿರುಕು ಬಿಡಬಹುದು. ಅದಕ್ಕೇ ಈ ಪರೀಕ್ಷೆ. ಆಮೇಲೆ ಅಕ್ಷರಗಳ ಮೇಲೆ ಹತ್ತಿ ಒತ್ತಿ ಹಿಡಿದು, ಶಾಯಿ ಸಡಿಲವಾದ ಮೇಲೆ ಒರೆಸಿದೆ. ಹತ್ತಿ ಕಪ್ಪಾದಂತೆಲ್ಲ ಬದಲಿಸಿದೆ, ಇಲ್ಲವಾದರೆ ಶಾಯಿ ಹರಡುತ್ತದೆ. ಸಾಬೂನು ನೀರಿನಲ್ಲಿ ತೊಳೆದು, ಒಣಗಿಸಿ, ಹೊಸ ಫೋಮ್ ಹಾಕಿದೆ.

ಹುಲಿಗೆಮ್ಮ ಅದನ್ನು ಬೆಳಕಿಗೆ ಹಿಡಿದು ತಿರುಗಿಸಿ ತಿರುಗಿಸಿ ನೋಡಿದಳು. “ಈಗ ಯಾರದೂ ಅಲ್ಲಲ್ರೀ?”

“ನಿಂದು,” ಎಂದೆ. ಆದರೆ ಬೊಬ್ಬೆ ಮಾಯುವವರೆಗೆ ತೊಡುವಂತಿರಲಿಲ್ಲ. ಅಷ್ಟರಲ್ಲಾಗಲೇ ಆಸರೆಯಿಲ್ಲದೆ ಅವಳ ಪಾದ ಬಿಗಿಯಾಗತೊಡಗಿತ್ತು. ಮತ್ತೆ ಸಡಿಲಿಸಲು ತಿಂಗಳುಗಟ್ಟಲೆ ವ್ಯಾಯಾಮ ಬೇಕಾಯಿತು.

ಮುಂದಿನ ಶಿಬಿರ ಮಾನ್ವಿಯಲ್ಲಿ. ನಾನೂ ಹೋದೆ. ಬಳಗದ ಕಾರ್ಯದರ್ಶಿ ಸ್ಪ್ಲಿಂಟ್‌ಗಳನ್ನು ಸಾಲಾಗಿಟ್ಟು ಮಾರ್ಕರಿನ ಮುಚ್ಚಳ ತೆಗೆಯುತ್ತಿದ್ದರು. ಕೈ ಅಡ್ಡ ಹಿಡಿದೆ.

“ಫೋಟೋದಾಗ ಹೆಸರು ಕಾಣಬೇಕಲ್ರೀ ಮೇಡಂ,” ಎಂದು ನಕ್ಕರು.

“ನಿಮ್ಮ ಕಾರಿನ ಬಾಗಿಲ ಮ್ಯಾಲ ಬರಕೋರ್ರಿ. ಮಕ್ಕಳ ಕಾಲ ಮ್ಯಾಲ ಬ್ಯಾಡ.”

ಮೊಮ್ಮಗಳನ್ನು ಬಾಗಲವಾಡದಿಂದ ಕರೆತಂದಿದ್ದ ಅಜ್ಜಿಯೊಬ್ಬಳು ಎದ್ದು ನಿಂತಳು. “ಹೌದ್ ಯಪ್ಪಾ, ಕೊಡೋದಾದ್ರ ಸುಮ್ನ ಕೊಡು. ಡಂಗುರಾ ಯಾಕ?” ಸಭೆಯಲ್ಲಿ ನಗು ಹಬ್ಬಿತು. ಕಾರ್ಯದರ್ಶಿಯ ಮುಖ ಕೆಂಪಾಯಿತು. ಅಂದು ಒಂದಕ್ಷರವೂ ಬೀಳಲಿಲ್ಲ.

ಅದರ ಮುಂದಿನ ಶಿಬಿರಕ್ಕೆ ಅವರು ನಮ್ಮನ್ನು ಕರೆಯಲಿಲ್ಲ. ಬೇರೆ ಕಡೆ ಮಾಡಿಸಿ ಹಂಚಿದ ಸ್ಪ್ಲಿಂಟ್‌ಗಳು ಹೆಸರು ಹೊತ್ತೇ ನಮ್ಮ ಬಾಗಿಲಿಗೆ ಬಂದವು. ಒರೆಸಿಕೊಟ್ಟೆವು. ಈ ವೃತ್ತಿ ನನಗೆ ಕಲಿಸಿದ್ದಿಷ್ಟು: ಅಳತೆ ಕೂದಲೆಳೆಯಷ್ಟೂ ತಪ್ಪದಿದ್ದರೂ, ಮಗು ನಾಚಿಕೆಯಿಂದ ಬಿಚ್ಚಿಟ್ಟ ಆಸರೆ ಯಾರನ್ನೂ ನಡೆಸುವುದಿಲ್ಲ.