ಹಿಟ್ಟಿನಲ್ಲಿ ಒತ್ತಿದ ಮೂರು ಬಳೆ

ಜೆ.ಪಿ. ನಗರದ ಹುಡುಗಿಯರ ಹಾಸ್ಟೆಲೊಂದರ ಅಡುಗೆಮನೆಯಲ್ಲಿ ಹಾಲು ಇನ್ನೂ ಉಕ್ಕಿಲ್ಲ. ಕಿಟಕಿಯಾಚೆ ಈಗಷ್ಟೇ ಬೆಳಕು ಹರಿಯುತ್ತಿದೆ. ಲತಾಮಣಿ ಕೈ ತೊಳೆದು, ಸೆರಗು ಸೊಂಟಕ್ಕೆ ಸಿಕ್ಕಿಸಿ, ಕಲಸಿಟ್ಟ ಚಪಾತಿ ಹಿಟ್ಟಿನಿಂದ ದೊಡ್ಡದೊಂದು ಉಂಡೆ ಮುರಿದುಕೊಳ್ಳುತ್ತಾರೆ. ಅಗಲವಾದ ಸ್ಟೀಲ್ ತಟ್ಟೆಯಲ್ಲಿ ಅದನ್ನು ದಪ್ಪಗೆ ತಟ್ಟುತ್ತಾರೆ. ಚೀಲದಿಂದ ಮೂರು ಬಳೆ ಹೊರಬರುತ್ತವೆ. ಒಂದನ್ನು ಒತ್ತಿ ಎತ್ತಿ, ಅದರ ಗುರುತಿನ ಮೇಲೆ ಅರ್ಧ ಬೀಳುವಂತೆ ಎರಡನೆಯದನ್ನು ಒತ್ತಿ, ಕೊನೆಗೆ ಎರಡರ ಮೇಲೂ ಬರುವಂತೆ ಮೂರನೆಯದನ್ನು ಒತ್ತುತ್ತಾರೆ. ಈಗ ಹಿಟ್ಟಿನಲ್ಲಿ ಒಂದರೊಳಗೊಂದು ಹೊಕ್ಕ ಮೂರು ವೃತ್ತ.

‘ಬೆರಳಿಡಮ್ಮ’ ಎನ್ನುತ್ತಾರೆ.

ಎದುರಿಗೆ ಕೂತ ಸಮನ್ವಿತಾ ಬೆರಳಿಡುತ್ತಾಳೆ. ಅವಳಿಗೆ ಹುಟ್ಟಿನಿಂದ ಕಣ್ಣು ಕಾಣುವುದಿಲ್ಲ. ಆದರೆ ಮೂರು ಗೆರೆಗಳಲ್ಲಿ ಯಾವುದು ಯಾವುದೆಂದು ಬೆರಳಿಗೆ ಸಲೀಸಾಗಿ ತಿಳಿಯುತ್ತದೆ: ನುಣುಪು ಗೆರೆ ಕಾಫಿ, ಹಗ್ಗದಂತೆ ಹೊಸೆದದ್ದು ಟೀ, ಚುಕ್ಕಿಚುಕ್ಕಿಯಾಗಿರುವುದು ಹಾಲು. ಮೂರೂ ಲೋಹದ ಬಳೆಗಳು. ಗಾಜಿನ ಚೂರೊಂದು ಹಿಟ್ಟಿನಲ್ಲಿ ಉಳಿದರೆ ಅಡುಗೆಯ ಗೋವಿಂದಮ್ಮ ಬಿಡುವವರಲ್ಲ.

ಲತಾಮಣಿ ಲೆಕ್ಕ ಓದುತ್ತಾರೆ. ಹಾಸ್ಟೆಲಿನಲ್ಲಿ ಮೂವತ್ತು ಜನ. ಕಾಫಿ ಕುಡಿಯುವವರು ಹದಿನಾರು, ಟೀ ಹದಿನಾಲ್ಕು, ಹಾಲು ಹತ್ತು. ಕಾಫಿ ಟೀ ಎರಡನ್ನೂ ಕುಡಿಯುವವರು ಆರು, ಟೀ ಹಾಲು ನಾಲ್ಕು, ಕಾಫಿ ಹಾಲು ಐದು. ಮೂರನ್ನೂ ಕುಡಿಯುವವರು ಇಬ್ಬರು. ಏನೂ ಕುಡಿಯದವರು ಎಷ್ಟು ಜನ?

‘ಮೂರೂ ಕುಡಿಯೋ ಆ ಇಬ್ರು ಯಾರೇ? ಅದಕ್ಕೇ ನಂಗೆ ಹಾಲು ಸಾಲ್ತಿಲ್ಲ’ ಎಂದು ಒಲೆಯ ಕಡೆಯಿಂದ ಗೋವಿಂದಮ್ಮನ ದನಿ.

ಸಮನ್ವಿತಾ ನಗುತ್ತಲೇ ಮೂರೂ ಗೆರೆಗಳ ಒಳಗಿರುವ ನಡುಜಾಗದಲ್ಲಿ ಎರಡು ಕಡಲೆಬೇಳೆ ಇಡುತ್ತಾಳೆ. ಪಕ್ಕದಲ್ಲಿ, ಕಾಫಿ ಟೀ ಕೂಡುವ ಜಾಗದಲ್ಲಿ, ಆರು ಬೇಳೆ ಎಣಿಸಿ ಇಡುತ್ತಾಳೆ. ಲತಾಮಣಿ ತಪ್ಪು ಎನ್ನುವುದಿಲ್ಲ.

‘ಕಾಫಿ ಗೆರೆ, ಟೀ ಗೆರೆ, ಎರಡರ ಒಳಗೂ ಇರೋದನ್ನ ಒಂದ್ಸಲ ಮುಟ್ಟಿ ಎಣಿಸು.’

‘ಎಂಟು.’

‘ನಾನು ಎಷ್ಟು ಅಂತ ಓದ್ದೆ?’

‘ಆರು.’ ಮತ್ತೆ ನಡುಜಾಗ ಮುಟ್ಟಿ ನೋಡಿ, ‘ಅಯ್ಯೋ, ನಡುವೆ ಇರೋ ಇಬ್ರು ಇದರಲ್ಲೂ ಸೇರಿದಾರೆ ಅಲ್ವಾ ಅಕ್ಕ’ ಎಂದು ತಾನೇ ಎರಡು ಬೇಳೆ ತೆಗೆಯುತ್ತಾಳೆ.

ಅಲ್ಲಿಂದ ಮುಂದೆ ಕೈ ತಾನಾಗಿ ಓಡುತ್ತದೆ. ಟೀ ಹಾಲು ಮಾತ್ರ ಎರಡು, ಕಾಫಿ ಹಾಲು ಮಾತ್ರ ಮೂರು. ಬರೀ ಕಾಫಿ ಏಳು, ಬರೀ ಟೀ ಆರು, ಬರೀ ಹಾಲು ಮೂರು. ಎಲ್ಲ ಕೂಡಿ ಇಪ್ಪತ್ತೇಳು. ಉಳಿದ ಮೂರು ಬೇಳೆಯನ್ನು ವೃತ್ತಗಳ ಹೊರಗೆ, ತಟ್ಟೆಯ ಅಂಚಿನ ಒಳಗೆ ಇಡುತ್ತಾಳೆ. ‘ಏನೂ ಕುಡಿಯದೋರನ್ನ ನೆಲಕ್ಕೆ ಹಾಕ್ಬೇಡಿ, ಅವರೂ ನಮ್ಮ ಹಾಸ್ಟೆಲ್‌ನೋರೇ’ ಎಂಬುದು ಲತಾಮಣಿ ಕಟ್ಟುನಿಟ್ಟಾಗಿ ಕಲಿಸಿದ ಪಾಠ.

‘ಮುಗೀತಾ ಲತಾ? ನಾನು ಚಪಾತಿ ಒತ್ಬೇಕು’ ಎಂದು ಗೋವಿಂದಮ್ಮ ಬೇಳೆ ಆರಿಸಿ, ಮೂರು ವೃತ್ತಗಳನ್ನೂ ಮುದ್ದೆ ಮಾಡಿ ಎತ್ತಿಕೊಂಡು ಹೋಗುತ್ತಾರೆ. ಹಿಟ್ಟು ಸಿಗುವುದು ಈ ಹೊತ್ತಿನಲ್ಲಿ ಮಾತ್ರ. ಪಾಠ ಬೆಳಗಿನ ಜಾವಕ್ಕೇ ನಿಂತಿರುವುದಕ್ಕೆ ಅದೇ ಕಾರಣ.

ತಿಲಕ್ ನಗರದ ಲತಾಮಣಿ ಹಗಲಿಗೆ ಬಳೆ ವ್ಯಾಪಾರಿ. ಜಯನಗರ ನಾಲ್ಕನೇ ಬ್ಲಾಕಿನ ಮಾರುಕಟ್ಟೆಯ ಸಂದಿಯಲ್ಲಿರುವ ಅಂಗಡಿ ತಾಯಿ ಅಂಕಮ್ಮನಿಂದ ಬಂದದ್ದು. ಪಿಯುಸಿಯಲ್ಲಿ ಗಣಿತ ತೆಗೆದುಕೊಂಡಿದ್ದರು, ಇಷ್ಟವೂ ಆಗಿತ್ತು. ತಾಯಿಗೆ ಮೊಣಕಾಲು ಕೈಕೊಟ್ಟ ವರ್ಷ ಓದು ಅಲ್ಲಿಗೇ ನಿಂತಿತು. ಬಳೆ ಕೊಳ್ಳಲು ಬಂದ, ಕಣ್ಣು ಕಾಣದ ಹುಡುಗಿಯರ ಈ ಹಾಸ್ಟೆಲಿನ ಮೇಲ್ವಿಚಾರಕಿ, ಪರೀಕ್ಷೆಗೆ ಕೂರುವ ಹುಡುಗಿಯರಿಗೆ ಪುಸ್ತಕ ಓದಿ ಹೇಳುವವರು ಬೇಕೆಂದಾಗ, ‘ಬೆಳಿಗ್ಗೆ ಆದ್ರೆ ಬರ್ತೀನಿ ಮೇಡಂ’ ಎಂದರು. ಅಂದಿನಿಂದ ಗಂಡ ಮಹೇಶ್ ತಮ್ಮ ಆಟೋದಲ್ಲಿ ಮೊದಲ ಬಾಡಿಗೆಗೂ ಮುಂಚೆ ಇವರನ್ನು ತಂದು ಬಿಡುತ್ತಾರೆ. ‘ನಮ್ಮನೆಯವಳು ಮೊದ್ಲು ಹಿಟ್ಟಿಗೆ ಬಳೆ ತೊಡಿಸ್ತಾಳೆ, ಆಮೇಲೆ ಜನಕ್ಕೆ’ ಎಂಬುದು ಆಟೋ ಸ್ಟ್ಯಾಂಡಿನಲ್ಲಿ ಅವರ ಮಾತು.

ಬಳೆಯ ವಿಚಾರ ಹೊಳೆದದ್ದು ಇದೇ ಹಾಸ್ಟೆಲಿನ ಇಂಚರಳಿಂದ. ಆಗ ಲತಾಮಣಿಯೂ ಮಿಕ್ಕ ಓದುಗರಂತೆ, ಗುಂಪುಗಳನ್ನು ವೃತ್ತಗಳಲ್ಲಿ ತೋರಿಸುವ ವೆನ್ ಚಿತ್ರದ ಪುಟ ಬಂದರೆ ‘ಚಿತ್ರ ಇದೆ, ಮುಂದಕ್ಕೆ ಹೋಗ್ತೀನಿ’ ಎಂದು ದಾಟಿಸುತ್ತಿದ್ದರು. ಒಂದು ಬೆಳಿಗ್ಗೆ ಇಂಚರ ಬಿಡಲಿಲ್ಲ.

‘ಎಲ್ಲರೂ ಮುಂದಕ್ಕೆ ಹೋಗ್ತಾರೆ ಅಕ್ಕ. ಚಿತ್ರದಲ್ಲಿ ಏನಿದೆ?’

‘ಮೂರು ಬಳೆ ಒಂದರ ಮೇಲೊಂದು ಬಿದ್ದ ಹಾಗಿದೆ ಕಣೆ.’

‘ಹಾಗಾದ್ರೆ ಬಳೆ ಕೊಡಿ.’

ಕೊಟ್ಟರು. ಮೇಜಿನ ಮೇಲೆ ಬಳೆ ಜಾರಿದವು, ಕಾಳು ಉರುಳಿದವು. ಮರಳು ತಂದರು, ಮುಟ್ಟಿದರೆ ಗೆರೆ ಅಳಿಸಿಹೋಯಿತು. ಮುಂದೇನೂ ಹೊಳೆಯದೆ ಅಡುಗೆಮನೆಯಲ್ಲಿ ಕಾಫಿಗೆ ಕೂತಿದ್ದಾಗ ಗೋವಿಂದಮ್ಮ ಹಿಟ್ಟು ನಾದುತ್ತಿದ್ದರು. ಅವರ ಕೈಬಳೆ ಹಿಟ್ಟಿಗೆ ಒತ್ತಿ ಅಚ್ಚು ಮೂಡಿತ್ತು. ಲತಾಮಣಿ ಅದನ್ನು ನೋಡಿದರು, ಲೋಟ ಕೆಳಗಿಟ್ಟರು.

ಇಂದು ಆ ಇಂಚರ ಪಾಠಕ್ಕೆ ಬಂದಿಲ್ಲ. ಕೋಣೆಯಲ್ಲಿ ಫೋನು ಹಿಡಿದು ಕೂತಿದ್ದಾಳೆ. ಸರ್ಕಾರಿ ಗುಮಾಸ್ತೆ ಹುದ್ದೆಯ ಪರೀಕ್ಷೆಯ ಫಲಿತಾಂಶ ಇವತ್ತು ಮೆಸೇಜಿನಲ್ಲಿ ಬರಬೇಕು. ಹಿಂದೆ ಎರಡು ಸಲ ಕೆಲವೇ ಅಂಕಗಳಲ್ಲಿ ತಪ್ಪಿದೆ. ಈ ತಿಂಗಳಿಗೆ ಹಾಸ್ಟೆಲಿನ ಅವಧಿಯೂ ಮುಗಿಯುತ್ತದೆ. ಕೆಲಸ ಸಿಗದಿದ್ದರೆ ಅರೆಕೆರೆಯ ಅಕ್ಕನ ಮನೆಗೆ ಹೋಗಬೇಕು. ಅಲ್ಲಿ ಯಾರೂ ಕೆಟ್ಟವರಲ್ಲ, ಆದರೆ ಕುಡಿದ ಲೋಟ ತೊಳೆಯಲೂ ಬಿಡುವುದಿಲ್ಲ. ‘ಕೂತಿರು, ನಾವಿದೀವಲ್ಲ ಅಂತಾರೆ. ಆ ಮಾತು ಕೇಳಿದ್ರೇನೇ ಭಯ ಆಗತ್ತೆ’ ಎಂದು ಅವಳು ಲತಾಮಣಿಯ ಹತ್ತಿರ ಹೇಳಿಕೊಂಡಿದ್ದಾಳೆ.

ಪರೀಕ್ಷೆಯ ದಿನದ್ದು ಬೇರೆಯೇ ಕತೆ. ಬನಶಂಕರಿಯ ಕೇಂದ್ರಕ್ಕೆ ಕರೆದುಕೊಂಡು ಹೋದದ್ದು ಲತಾಮಣಿಯೇ. ಆ ಮೂರು ಬಳೆಗಳನ್ನು ಇಂಚರ ಕೈಗೆ ಹಾಕಿಕೊಂಡಿದ್ದಳು, ಜಾರಿದರೂ ಸರಿ, ಬೆಂಚಿನ ಮೇಲಿಟ್ಟು ಲೆಕ್ಕ ಮಾಡುವ ಆಸೆಯಿಂದ. ಗೇಟಿನಲ್ಲಿ ತಪಾಸಣೆಯ ಹೆಂಗಸು, ‘ಬಳೆ, ಸರ ಎಲ್ಲ ತೆಗೀಬೇಕಮ್ಮ, ರೂಲ್ಸು’ ಎಂದರು. ಬಳೆ ಮಾರುವ ತಮಗೇ ಇದು ಹೊಳೆಯಲಿಲ್ಲವಲ್ಲ ಎಂದು ಲತಾಮಣಿ ತಮ್ಮನ್ನೇ ಬೈದುಕೊಂಡರು. ಇಂಚರ ಬಳೆ ಕಳಚಿ ಇವರ ಕೈಗಿಟ್ಟು ಒಳಗೆ ನಡೆದಳು. ಪರೀಕ್ಷೆ ಮುಗಿಯುವವರೆಗೂ ಲತಾಮಣಿ ಗೇಟಿನ ಎದುರಿನ ಹೊಂಗೆ ಮರದ ಕೆಳಗೆ ಆ ಬಳೆ ಹಿಡಿದು ನಿಂತೇ ಇದ್ದರು.

ಹೊರಬಂದವಳು ಮೊದಲು ಹೇಳಿದ್ದು, ‘ಅಕ್ಕ, ನನ್ನ ವೃತ್ತ ಕುಂಬಳಕಾಯಿ ಥರ ಬಂತು.’

ಪ್ರಶ್ನೆಪತ್ರಿಕೆಯ ಕಟ್ಟು ಹಾಳೆಯ ಮೇಲೆ ಹಾಳೆ ಸೇರಿ ಮೆತ್ತಗಿತ್ತಂತೆ. ಬೆರಳಿಟ್ಟಾಗ ಹಿಟ್ಟು ನೆನಪಾಯಿತಂತೆ. ಹಿಂಬದಿಯ ಖಾಲಿ ಪುಟದಲ್ಲಿ ಹೆಬ್ಬೆರಳಿನ ಉಗುರಿನಿಂದ ಒತ್ತಿ ಒತ್ತಿ ಮೂರು ಸೊಟ್ಟ ವೃತ್ತ ಎಳೆದುಕೊಂಡು, ನಡುವಿನಿಂದ ಶುರುಮಾಡಿ, ಒಂದೊಂದು ಮನೆಯನ್ನೂ ಮುಟ್ಟುತ್ತಾ ಅಂಕಿಯನ್ನು ಮನಸ್ಸಿನಲ್ಲೇ ಇಟ್ಟುಕೊಂಡಳು. ಪ್ರಶ್ನೆ ಓದಿ ಉತ್ತರ ಗುರುತಿಸಿಕೊಡಲು ಪಕ್ಕದಲ್ಲಿ ಕೂತ ಹುಡುಗಿ, ‘ಇಂಥ ಲೆಕ್ಕನೆಲ್ಲ ಬಿಟ್ಬಿಡ್ತೀರಾ ಅನ್ಕೊಂಡಿದ್ದೆ’ ಎಂದಳಂತೆ. ಇಂಚರ ಒಂದನ್ನೂ ಬಿಡಲಿಲ್ಲ.

ಮಧ್ಯಾಹ್ನ. ಅಂಗಡಿಯಲ್ಲಿ ಲತಾಮಣಿಗೆ ಕೈ ನಿಲ್ಲುತ್ತಿಲ್ಲ. ಯಾರದೋ ಸೀಮಂತಕ್ಕೆ ಹಸಿರು ಗಾಜಿನ ಬಳೆ ಡಜನ್‌ಗಟ್ಟಲೆ ಕಟ್ಟುತ್ತಿದ್ದಾರೆ. ಕಣ್ಣು ಮಾತ್ರ ಸಂದಿಯ ಬಾಯಲ್ಲಿ. ಆ ಜನಜಂಗುಳಿಯಲ್ಲಿ ಕಡೆಗೂ ಬಿಳಿ ಕೋಲು ಕಾಣುತ್ತದೆ. ಇಂಚರ ಒಬ್ಬಳೇ ಬಂದಿದ್ದಾಳೆ.

‘ಬಸ್ಸಿನಲ್ಲೇ ಮೆಸೇಜ್ ಬಂತು ಅಕ್ಕ. ತೆಗ್ದಿಲ್ಲ. ನಿಮ್ಮ ಎದುರಿಗೇ ತೆಗೀಬೇಕು ಅಂತ.’

ಫೋನನ್ನು ಕಿವಿಗಿಟ್ಟುಕೊಳ್ಳುತ್ತಾಳೆ. ಅದು ಅಕ್ಷರವನ್ನು ದನಿ ಮಾಡಿ ಓದುತ್ತದೆ. ಅವಳು ಇಟ್ಟುಕೊಂಡಿರುವ ವೇಗವೋ, ಬಿಸಿ ಎಣ್ಣೆಗೆ ಬಿದ್ದ ಸಾಸಿವೆಯ ಚಟಪಟ. ಲತಾಮಣಿಗೆ ಒಂದು ಪದವೂ ಸಿಗುವುದಿಲ್ಲ. ಇಷ್ಟು ವರ್ಷ ಓದಿ ಹೇಳಿದವರು ಈಗ ಇಂಚರಳ ಮುಖ ನೋಡುತ್ತಾ ನಿಲ್ಲುತ್ತಾರೆ.

‘ಏನಂತೆ? ಹೇಳೇ.’

ಇಂಚರ ಇನ್ನೊಮ್ಮೆ ಕೇಳಿಸಿಕೊಳ್ಳುತ್ತಾಳೆ. ಕೋಲನ್ನು ಅಂಗಡಿಯ ಹಲಗೆಗೆ ಒರಗಿಸುತ್ತಾಳೆ.

‘ಸೆಲೆಕ್ಟ್ ಆಗಿದೀನಿ ಅಕ್ಕ. ಮುಂದಿನ ತಿಂಗಳು ಸೇರ್ಕೋಬೇಕಂತೆ.’

ಲತಾಮಣಿ ಹಲಗೆಯಾಚೆಗೆ ಬಾಗಿ ಅವಳ ಎರಡೂ ಕೈ ಹಿಡಿದುಕೊಳ್ಳುತ್ತಾರೆ. ಸೀಮಂತದ ಬಳೆಗೆ ಕಾದಿದ್ದ ಗಿರಾಕಿ ವಿಷಯ ಏನೆಂದು ಕೇಳಿ ತಿಳಿದು, ತಾನೂ ಕಣ್ಣೊರೆಸಿಕೊಳ್ಳುತ್ತಾರೆ. ಎದುರಂಗಡಿಯ ಹೂವಿನ ಗುಂಡಣ್ಣ ಒಂದು ಮೊಳ ಮಲ್ಲಿಗೆ ಎಸೆದು, ‘ದುಡ್ಡು ಬೇಡ, ಮುಡಿಸು ಆ ಮಗೀಗೆ’ ಎನ್ನುತ್ತಾರೆ.

ಈ ಪಾಠಕ್ಕೆ ಇನ್ನೇನು ಬೇಕು ಎಂದು ಆ ಗಿರಾಕಿ ಕೇಳಿದಾಗ ಲತಾಮಣಿ ಬಳೆಯ ಕಟ್ಟು ಪಕ್ಕಕ್ಕಿಡುತ್ತಾರೆ. ‘ಪುಸ್ತಕ ಬರೆಯೋರು ಚಿತ್ರ ನೋಡಿ ಅಂತ ಬಿಟ್ಬಿಡ್ತಾರೆ. ಚಿತ್ರದಲ್ಲಿ ಏನಿದೆ ಅಂತ ಕೆಳಗೆ ಒಂದು ಸಾಲು ಬರೆದ್ರೆ ಸಾಕು. ಮಿಕ್ಕಿದ್ದು ನಾವು ನೋಡ್ಕೋತೀವಿ. ಈಗ ಸಮನ್ವಿತಾ ಇದಾಳಲ್ಲ, ಅವಳು ಇಂಚರಳಿಗಿಂತ ಚುರುಕು.’

‘ಕೇಳಿಸ್ತು’ ಎಂದು ಇಂಚರ ನಗುತ್ತಾಳೆ. ಆಮೇಲೆ ಗಿರಾಕಿಯಂತೆ ಕೈ ಮುಂದೆ ಚಾಚಿ, ‘ಆಫೀಸಿಗೆ ಹಾಕ್ಕೊಳೋಕೆ ಬಳೆ ಕೊಡಿ ಅಕ್ಕ. ಪ್ಲಾಸ್ಟಿಕ್ಕಿಂದು ಇರ್ಲಿ, ಸದ್ದು ಮಾಡಬಾರ್ದು’ ಎನ್ನುತ್ತಾಳೆ.

ಲತಾಮಣಿ ಪ್ಲಾಸ್ಟಿಕ್ ಬಳೆಗಳ ಕಡೆ ತಿರುಗುವುದೇ ಇಲ್ಲ. ಮೇಲಿನ ಸಾಲಿನಿಂದ ಕೆಂಪು ಗಾಜಿನವನ್ನು ತೆಗೆದು, ಅವಳ ಅಂಗೈ ಒತ್ತಿ ಮೆದು ಮಾಡಿ, ಒಂದೊಂದಾಗಿ ಮಣಿಕಟ್ಟಿಗೆ ಏರಿಸುತ್ತಾರೆ.

‘ಸದ್ದು ಮಾಡ್ಲಿ ಬಿಡೇ. ನೀನು ಬಂದೆ ಅಂತ ಆಫೀಸಿಗೆ ಗೊತ್ತಾಗ್ಲಿ.’