ಕೈ ನೋಡುವ ತೋಕುಜೋ

ನಮ್ಮೂರಿನ ತೋಕುಜೋ ಈವರೆಗೆ ಹನ್ನೊಂದು ಜನರನ್ನು ಬರೀ ನೋಟದಿಂದಲೇ ಕೊಂದಿದ್ದಾನೆ. ಯಮನಿಗಾದರೂ ಕೋಣ ಬೇಕು, ಹಗ್ಗ ಬೇಕು. ತೋಕುಜೋಗೆ ಎರಡು ಕಣ್ಣು ಸಾಕು. ಅವನು ನಿಮ್ಮ ಕೈ ನೋಡಿದನೋ, ಮೂರನೆಯ ದಿನಕ್ಕೆ ನಿಮ್ಮ ಕತೆ ಮುಗಿಯಿತು.

ಇದೆಲ್ಲ ಟೀವಿಯಲ್ಲಿ. ಊರಿನಲ್ಲಿ ಅವನು ಬೆಂಕಿ ಕಾವಲಿನವನು. ನಮ್ಮೂರ ಮನೆಗಳ ಮಾಡೆಲ್ಲ ಹುಲ್ಲಿನದು. ಒಂದು ಕಿಡಿ ಬಿದ್ದರೆ ಊರಿಗೆ ಊರೇ ಬೂದಿ. ದಿನಕ್ಕೆ ಮೂರು ಸಲ ಎರಡು ಮರದ ಕೋಲು ಕುಟ್ಟುತ್ತ, "ಬೆಂಕಿ ಜೋಪಾನ" ಎಂದು ಕೂಗುತ್ತ ಅವನು ಸುತ್ತು ಹೊಡೆಯುತ್ತಾನೆ. ಯಾರ ಕೈಯಲ್ಲಾದರೂ ಸಿಗರೇಟಿದೆಯೇ ಎಂದು ಮೂವತ್ತು ವರ್ಷ ನೋಡೀ ನೋಡೀ ಮುಖ ನೋಡುವ ಅಭ್ಯಾಸವೇ ತಪ್ಪಿಹೋಗಿದೆ. ಸ್ವಂತ ಅಳಿಯನನ್ನೂ ಅವನು ಗುರುತಿಸುವುದು ಹೆಬ್ಬೆರಳಿನಿಂದ.

ನಾಲ್ಕು ವರ್ಷದ ಕೆಳಗೆ ಕಾರ್ಟೂನ್ ಮಾಡುವವರು ಬಂದು, ನನ್ನ ಅಂಗಡಿಯಲ್ಲಿ ಸೋಬಾ ಶ್ಯಾವಿಗೆ ತಿಂದು, ಊರೆಲ್ಲ ಫೋಟೋ ಹಿಡಿದುಕೊಂಡು ಹೋದರು. ಮರುವರ್ಷ ಆ ದೆವ್ವದ ಧಾರಾವಾಹಿ ಬಂತು: ನಮ್ಮ ಗಿರಣಿ, ನಮ್ಮ ಸೇತುವೆ, ಕೋಲು ಕುಟ್ಟುವ ಮುದುಕ. ನನ್ನ ಅಂಗಡಿ ಬಾಗಿಲಿನ ಬಟ್ಟೆ ಪರದೆಗೆ ರಕ್ತದ ಕಲೆಯನ್ನೂ ಬಳಿದಿದ್ದರು. ಅಂದಿನಿಂದ ನಾನು ಪರದೆಯ ಮೇಲಿನ ಸೋಯಾ ಸಾಸಿನ ಕಲೆ ತೊಳೆದಿಲ್ಲ.

ಅಭಿಮಾನಿಗಳು ಬಸ್ಸುಗಟ್ಟಲೆ ಬಂದರು. ತೋಕುಜೋ ಎದುರು ಸಾಲಾಗಿ ನಿಂತು ಕೈ ಚಾಚುತ್ತಿದ್ದರು. ಅವನು ಒಂದೊಂದೇ ಕೈಯನ್ನು ಕರ್ತವ್ಯವೆಂಬಂತೆ ನೋಡುತ್ತಿದ್ದ. ನೋಡಿಸಿಕೊಂಡವರು ಕಿರುಚಿ, ಕುಣಿದು, ಮತ್ತೆ ಸಾಲಿನ ಕೊನೆಗೆ ಹೋಗಿ ನಿಲ್ಲುತ್ತಿದ್ದರು. ನಲವತ್ತು ನಿಮಿಷದ ಸುತ್ತು ಎರಡು ಗಂಟೆಗೆ ಏರಿತು. ಮೇಲಿನ ಸಾಲಿನ ಮನೆಗಳಿಗೆ ಕಾವಲೇ ಇಲ್ಲವಾಯಿತು.

ಊರಿನ ಮುಖ್ಯಸ್ಥೆ ಫುಸಾಯೆ ಸಭೆ ಕರೆದಳು. "ತೋಕುಜೋ ಅಣ್ಣ, ನೀನು ಬಸ್ ಸ್ಟ್ಯಾಂಡಲ್ಲಿ ಕುರ್ಚಿ ಹಾಕ್ಕೊಂಡು ಆರಾಮಾಗಿ ಕೈ ನೋಡ್ತಾ ಕೂತ್ಕೋ. ಸುತ್ತು ಹೊಡೆದು ಕೂಗೋ ಕೆಲಸ ಕಂಬದ ಮೈಕು ಮಾಡುತ್ತೆ."

ಅವನ ಮುಖ ತೋಫುವಿನಂತೆ ಬೆಳ್ಳಗಾಯಿತು. ಶನಿವಾರ ಮಧ್ಯಾಹ್ನದ ಸುತ್ತು ನಲವತ್ತು ನಿಮಿಷ ಮೀರಿದರೆ ಕೋಲುಗಳನ್ನು ತಾನೇ ತಂದೊಪ್ಪಿಸುವುದಾಗಿ ಹೇಳಿ ಎದ್ದುಹೋದ.

ಶನಿವಾರ ಅರವತ್ತಮೂರು ಜನ ಸೇರಿದ್ದರು. ಫುಸಾಯೆ ಗಡಿಯಾರ ಹಿಡಿದು ನನ್ನ ಅಂಗಡಿ ಮುಂದೆ ನಿಂತಳು. ರಣರಂಗಕ್ಕೆ ಇಳಿಯುವ ವೀರನಂತೆ ತೋಕುಜೋ ಬಂದ. ಹೆಗಲ ಮೇಲೆ ಹೊಸ ಹುಲ್ಲುಹಗ್ಗದ ದೊಡ್ಡ ಸುರುಳಿ. ಅದನ್ನು ಉದ್ದಕ್ಕೆ ಬಿಚ್ಚಿ, "ಎಲ್ರೂ ಎರಡೂ ಕೈಯಲ್ಲಿ ಹಿಡೀರಿ. ಬಿಗಿಯಾಗಿ ಎಳೀತಾ ಬನ್ನಿ, ಸಡಿಲ ಬಿಡಬೇಡಿ," ಎಂದ.

ನೂರ ಇಪ್ಪತ್ತಾರು ಕೈಗಳು ಒಂದೇ ಗೆರೆಯಲ್ಲಿ ಬಂದವು. ತೋಕುಜೋ ಒಮ್ಮೆ ಹಿಂದೆ ತಿರುಗಿ, ಅಷ್ಟನ್ನೂ ಒಂದೇ ನೋಟದಲ್ಲಿ ನೋಡಿ ಮುಗಿಸಿ ಕೋಲು ಕುಟ್ಟಿದ. ಮೆರವಣಿಗೆ ಹೊರಟಿತು. ಧಾರಾವಾಹಿಯಲ್ಲಿ ಕೂಡ ತೋರಿಸದ ಗುಪ್ತ ಆಚರಣೆ ಇದು ಎಂಬ ಸುದ್ದಿ ಹಗ್ಗದ ತುದಿಯವರೆಗೆ ಹರಿಯಿತು. ಹಿಂದಿನವರು ಹಿಂದಕ್ಕೆ ಜಗ್ಗಿದರು, ಮುಂದಿನವರು ಮುಂದಕ್ಕೆ. "ಬೆಂಕಿ ಜೋಪಾನ" ಎಂದು ಅರವತ್ತಮೂರು ಗಂಟಲು ಕೂಗಿದಾಗ ಗಿರಣಿಯ ಮೇಲಿನ ಕಾಗೆಗಳೆಲ್ಲ ಊರು ಬಿಟ್ಟವು. ಮೇಲಿನ ಸಾಲನ್ನೂ ಮುಗಿಸಿ ಅಂಗಡಿ ಮುಂದೆ ಬಂದು ನಿಂತಾಗ ಮೂವತ್ತೆಂಟು ನಿಮಿಷ. ಫುಸಾಯೆ ಗಡಿಯಾರವನ್ನು ಎರಡು ಸಲ ಅಲ್ಲಾಡಿಸಿ ನೋಡಿ, ಸೋಲೊಪ್ಪಿ ಎಲ್ಲರಿಗೂ ಟೀ ಹೇಳಿದಳು.

ನಾಗೋಯದಿಂದ ಬಂದ ಸಯೋರಿ ಎಂಬ ನರ್ಸು ಕಣ್ಣಲ್ಲಿ ನೀರು ತಂದುಕೊಂಡು ತಲೆಬಾಗಿದಳು. "ಅಜ್ಜಾ, ನಿಜ ಹೇಳಿ. ಈ ಹಗ್ಗದ ರಹಸ್ಯ ಏನು?"

ತೋಕುಜೋ ಹಗ್ಗವನ್ನು ಬೆರಳಲ್ಲಿ ಒತ್ತಿ ನೋಡಿದ.

"ಸೋಮವಾರ ನಮ್ಮನೆ ಮಾಡಿಗೆ ಹೊಸ ಹುಲ್ಲು ಕಟ್ಟಬೇಕು. ಹೊಸ ಹಗ್ಗನ ಮೊದಲು ಚೆನ್ನಾಗಿ ಎಳೆದು ಹದ ಮಾಡ್ಬೇಕಮ್ಮ. ಒಬ್ನೇ ಮಾಡಿದ್ರೆ ಎರಡು ದಿನ ಹಿಡಿಯುತ್ತೆ."